ಹರಿವಾಣದಲ್ಲಿ ಕಾಗೆಸ್ನಾನ

ಮಧುಗಿರಿ
ಕ್ರಿ.ಶ. ೨೨೮೧, ಫೆಬ್ರವರಿ ೩೦

ಹಿತ್ತಿಲಲ್ಲಿ ಹಕ್ಕಿಗೆಂದು ನೀರಿಟ್ಟಿರುವ, ಇಡಬೇಕೆಂದುಕೊಂಡು ಇನ್ನೂ ಇಡದಿರುವ, ಎರಡೂವರೆ ಶತಮಾನ ಹಿಂದಿನ ಎಲ್ಲ ಹಿರಿಯರಿಗೆ ಕದರಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ಅಷ್ಟು ಶತಮಾನ ಅದಕ್ಕೆ ಮಾಡಿದ ಮೋಸ ಸಾಕೆನ್ನಿಸಿರಬೇಕು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕೆಲವು ಮಾತುಗಳೂ ನಮಗೆ ಹಾಗೆಯೇ ಕೇಳಿಸುತ್ತವೆ. ಅಂಥದ್ದೊಂದು ಮಾತನ್ನು ನಂಬಿ ನಾನು ನಲವತ್ತು ದಿನ ಪಟ್ಟ ಪಾಡನ್ನೂ, ಆಮೇಲೆ ಗೆದ್ದದ್ದನ್ನೂ ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಮುಚ್ಚಳಗಾರ್ತಿಯಾಗಿದ್ದವಳು. ಈ ಉದ್ಯೋಗ ನಿಮಗೆ ಗೊತ್ತಿಲ್ಲ. ನೂರು ವರ್ಷದ ಹಿಂದೆ ಸೊಳ್ಳೆಜ್ವರ ಊರೂರನ್ನೇ ಮಲಗಿಸಿದಾಗ, ಆಕಾಶಕ್ಕೆ ತೆರೆದು ನಿಂತ ನೀರು ಊರುಗಳಲ್ಲಿ ಎಲ್ಲಿಯೂ ಇರಕೂಡದೆಂದು ಕಾನೂನಾಯಿತು. ಅಂಥ ನೀರಿಗೆ ನಾವು ‘ಬಯಲುನೀರು’ ಎನ್ನುತ್ತೇವೆ, ಮಕ್ಕಳೆದುರು ಆ ಮಾತನ್ನು ಆಡುವುದೂ ಇಲ್ಲ. ಕೆರೆಗೆ ಚಾವಣಿ ಬಂತು, ಬಾವಿಗೆ ಬಾಗಿಲು ಬಂತು. ಗಿಡಗಳ ಬೇರಿಗೆ ನೆಲದೊಳಗಿನ ಬತ್ತಿಗಳೇ ನೀರು ಮುಟ್ಟಿಸುತ್ತವೆ. ಸ್ನಾನಕ್ಕೆ ನಾವು ಮಂಜುಕೋಣೆಯೊಳಗೆ ಹೋಗಿ ನಿಲ್ಲುತ್ತೇವೆ. ಮೈ ಒದ್ದೆಯಾಯಿತೋ ಇಲ್ಲವೋ ಎಂದು ಅನುಮಾನ ಬರುವ ಹೊತ್ತಿಗೆ ಸ್ನಾನ ಮುಗಿದಿರುತ್ತದೆ. ಇದಕ್ಕೆ ಸರ್ಕಾರಿ ಹೆಸರು ‘ಕಾಗೆಸ್ನಾನ’. ಪ್ರತಿ ಕೋಣೆಯ ಬಾಗಿಲ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಮನೆಮನೆಗೆ ಹೋಗಿ ಮುಚ್ಚಳಗಳು ಭದ್ರವಾಗಿವೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ನಾನು ಬೀದಿಗೆ ಕಾಲಿಟ್ಟೆನೆಂದರೆ ಹೆಂಗಸರು ಹೂದಾನಿಯನ್ನೂ ಬೋರಲು ಹಾಕುತ್ತಿದ್ದರು. ಜ್ವರ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಹಕ್ಕಿಗಳೂ ಹೋದವು. ಬೆಟ್ಟದಾಚೆಯ ಕಾಡಿನ ಹೊಂಡಗಳಲ್ಲಿ ಅವು ಈಗ ಇರುವುದು. ಊರಿನ ಮೇಲೆ ಎತ್ತರದಲ್ಲಿ ಹಾದು ಹೋಗುತ್ತವೆ, ಇಳಿಯುವುದಿಲ್ಲ.

ನಿವೃತ್ತಳಾದ ಮೇಲೆ ಕೈತೋಟದಲ್ಲಿ ಕೂತು ಆಕಾಶ ನೋಡುವುದೇ ನನಗೆ ಕೆಲಸವಾಯಿತು. ಒಂದು ಮಧ್ಯಾಹ್ನ ಒಂದು ಕಾಗೆ ಬಾಯಿ ತೆರೆದುಕೊಂಡೇ ನಮ್ಮ ಮನೆಯ ಮೇಲೆ ಮೂರು ಸುತ್ತು ಹಾಕಿ ಹೋಯಿತು. ಅದರ ಬಾಯಾರಿಕೆಗೆ ಮುಚ್ಚಳ ಹಾಕಿದವರಲ್ಲಿ ನಾನೂ ಒಬ್ಬಳು ಎನ್ನಿಸಿತು. ಮಾರನೆಯ ದಿನವೇ, ಹಕ್ಕಿಗೆಂದು ಒಂದು ಪಾತ್ರೆ ನೀರಿಡಲು ಅನುಮತಿ ಕೇಳಿ ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ. ನನ್ನ ಕೈಕೆಳಗೆ ಕೆಲಸ ಕಲಿತ ತಿಮ್ಮರಾಯಪ್ಪ ಈಗ ಅಲ್ಲಿ ದೊಡ್ಡ ಅಧಿಕಾರಿ. ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ಅರ್ಜಿಯನ್ನು ಮತ್ತೊಮ್ಮೆ ಓದಿದ. ಕೊನೆಗೆ ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಅವಕಾಶ ಕೊಟ್ಟ. ಅಷ್ಟರೊಳಗೆ ಒಂದಾದರೂ ಹಕ್ಕಿ ಬಂದು ನೀರನ್ನು ಬಳಸಬೇಕು. ಕೊನೆಯ ದಿನ ತಾನು ಬಂದಾಗ ನೀರು ಸುಮ್ಮನೆ ನಿಂತಿದ್ದರೆ ಪಾತ್ರೆ ಜಪ್ತಿಯಾಗುತ್ತದೆ, ಈ ಊರಿನಲ್ಲಿ ಇನ್ನು ಯಾರೂ ಇಂಥ ಅರ್ಜಿ ಹಾಕುವಂತಿಲ್ಲ ಎಂದ.

ಕಾಗೆಗೆ ಎಷ್ಟು ನೀರು ಬೇಕು? ಕಂಡವರು ಯಾರೂ ಇರಲಿಲ್ಲ, ಹಾಗಾಗಿ ನಿಮ್ಮ ಬರಹಗಳನ್ನು ತೆಗೆದು ಹುಡುಕಿದೆ. ಎಲ್ಲಿ ನೋಡಿದರೂ ಒಂದೇ ಮಾತು. ಬಚ್ಚಲಿಗೆ ಹೋದ ಮಕ್ಕಳು ಹೋದ ಹಾಗೆಯೇ ಬಂದರೆ, ಇದೇನು ಸ್ನಾನವೋ ಕಾಗೆಸ್ನಾನವೋ ಎಂದು ತಾಯಂದಿರು ಗದರುತ್ತಾರೆ. ಲೋಕದಲ್ಲಿ ಕಾಗೆಯಷ್ಟು ಮಿತವ್ಯಯದ ಪ್ರಾಣಿ ಇನ್ನೊಂದಿಲ್ಲವೆಂದು ನಾನು ತೀರ್ಮಾನಿಸಿದೆ. ಚಿಕ್ಕದೊಂದು ಬಟ್ಟಲಿಗೆ ಮೂರು ಚಮಚ ನೀರು ಹಾಕಿ ಕಲ್ಲುಕಂಬದ ಮೇಲಿಟ್ಟೆ. ದಿನಾ ಬೆಳಿಗ್ಗೆ ಶ್ರದ್ಧೆಯಿಂದ ಬದಲಿಸಿದೆ. ಕಾಗೆಗಳು ಬಂದವು, ಮೇಲಿನಿಂದಲೇ ಕತ್ತು ಓರೆ ಮಾಡಿ ನೋಡಿದವು, ಹೊರಟುಹೋದವು. ಹೀಗೆ ನಲವತ್ತು ದಿನ ಕಳೆಯಿತು. ಬೀದಿಯವರು ಮರೆಯಲ್ಲಿ ನಗುತ್ತಿದ್ದರು. ಅವರ ಮುಚ್ಚಳಗಳನ್ನು ಅಷ್ಟು ವರ್ಷ ಅಲ್ಲಾಡಿಸಿದವಳಿಗೆ ಅಷ್ಟಾದರೂ ಆಗಬೇಕಲ್ಲ.

ನನ್ನ ಯಜಮಾನರು ಮೂಡ್ಲಪ್ಪನವರು ವಾರಕ್ಕೊಂದು ಮಾತಾಡುವ ಮನುಷ್ಯ. ನಲವತ್ತನೆಯ ದಿನ ಸಂಜೆ ಬಟ್ಟಲಿನ ಎದುರು ನಿಂತು ಆ ವಾರದ ಮಾತನ್ನು ಆಡಿದರು.

“ಕದರಿ, ಇಷ್ಟ್ ನೀರಲ್ಲಿ ನೀನಾದ್ರೆ ಸ್ನಾನ ಮಾಡ್ತೀಯಾ?”

ನನಗೆ ಕೋಪ ಬಂತು, ನಾಚಿಕೆಯೂ ಆಯಿತು. ಅವರು ಅಟ್ಟದಿಂದ ತಮ್ಮ ತಾಯಿಯ ಹಿತ್ತಾಳೆ ಹರಿವಾಣ ಇಳಿಸಿದರು. ಮನೆಗೆ ನೀರು ಅಳೆದೇ ಬರುವುದರಿಂದ, ಆ ಅಗಲದ ಹರಿವಾಣವನ್ನು ದಿನಾ ತುಂಬಲು ನಮ್ಮಿಬ್ಬರ ಮಂಜುಸ್ನಾನದ ನೀರೆಲ್ಲ ಬೇಕಾಗಿತ್ತು, ಹಾಗಾಗಿ ಇಬ್ಬರೂ ಒಂದು ವಾರ ಸ್ನಾನ ಬಿಟ್ಟೆವು. ಆ ವಾರ ನಮ್ಮ ಮನೆಗೆ ನೆಂಟರು ಬರದಿದ್ದದ್ದು ಪುಣ್ಯ. ಎರಡು ಬೆರಳಿನಷ್ಟು ಆಳ ನೀರು ತುಂಬಿ, ಹಿತ್ತಾಳೆಯ ಮೇಲೆ ಕಾಲು ಜಾರದಂತೆ ನಡುವೆ ಒಂದು ಒರಟು ಕಲ್ಲಿಟ್ಟು, ಬೆಕ್ಕು ಅವಿತುಕೊಳ್ಳಲಾಗದ ಬಯಲಿನಲ್ಲಿ ಕಂಬದ ಮೇಲೆ ಇಟ್ಟೆವು. ಏಳು ದಿನ ಕಾಗೆಗಳು ದಿನದಿನಕ್ಕೂ ತಗ್ಗಿನಲ್ಲಿ ಸುತ್ತಿದವು, ಆದರೆ ಒಂದೂ ಇಳಿಯಲಿಲ್ಲ.

ನಲವತ್ತೆಂಟನೆಯ ದಿನ ಬೆಳಿಗ್ಗೆ ತಿಮ್ಮರಾಯಪ್ಪ ಜಪ್ತಿಯ ಚೀಲ ಹಿಡಿದೇ ಬಂದ. ನೀರು ಕದಲದೆ ನಿಂತಿತ್ತು. ಅವನು ಕಾಗದ ತೆಗೆದು ಬರೆಯಲು ಬಗ್ಗಿದ, ನಾನು ಗೋಡೆಯ ಕಡೆ ತಿರುಗಿ ನಿಂತೆ. ಗೋಡೆಯ ಮೇಲೆ ಕಾಗೆ ಕೂತಿತ್ತು. ನಮ್ಮನ್ನು ಲೆಕ್ಕಕ್ಕೇ ಇಡದೆ ಅದು ಹರಿವಾಣದ ಅಂಚಿಗೆ ಹಾರಿತು, ಎರಡು ಗುಟುಕು ಕುಡಿಯಿತು, ಕಲ್ಲಿನ ಮೇಲೆ ಕಾಲಿಟ್ಟಿತು. ಆಮೇಲೆ ಇಡೀ ಎದೆಯನ್ನು ನೀರಿಗೆ ಅದ್ದಿ ರೆಕ್ಕೆ ಬಡಿಯಿತು ನೋಡಿ! ನೀರು ದಾಸವಾಳದ ಗಿಡದ ಮೇಲೆ, ನನ್ನ ಸೀರೆಯ ಮೇಲೆ, ತಿಮ್ಮರಾಯಪ್ಪನ ಕನ್ನಡಕದ ಮೇಲೆ, ಅವನ ಕಾಗದದ ಮೇಲೆ ಸಿಡಿಯಿತು. ಹೊರಗೆ ಬಂದು ಮೈ ಕೊಡವಿತು, ಸಾಲದೆಂದು ಮತ್ತೆ ಇಳಿಯಿತು. ಬಳಗವನ್ನು ಕೂಗಿ ಕರೆಯಿತು, ಇನ್ನೂ ಎರಡು ಬಂದವು. ಅವು ಎದ್ದು ಹೋದಾಗ ಹರಿವಾಣದ ತಳದಲ್ಲಿ ಒಂದು ಚಮಚ ನೀರೂ ಉಳಿದಿರಲಿಲ್ಲ.

ತಿಮ್ಮರಾಯಪ್ಪ ಕನ್ನಡಕ ಒರೆಸಿಕೊಂಡು ಹರಿವಾಣದೊಳಗೆ ಬಗ್ಗಿ ನೋಡಿದ. “ಅಮ್ಮಾವ್ರೇ, ಇದು ಕಾಗೆಸ್ನಾನ ಅಲ್ಲ. ದೀಪಾವಳಿ ಅಭ್ಯಂಜನ,” ಎಂದ. ಒದ್ದೆ ಕಾಗದದ ಮೇಲೆಯೇ ವರದಿ ಬರೆದ: ಹಕ್ಕಿ ನೀರನ್ನು ಬಳಸಿದೆ, ಬಯಲುನೀರು ಕಂಡುಬಂದಿಲ್ಲ. ನಾನು ಗಟ್ಟಿಯಾಗಿ ಅತ್ತೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾವತ್ತೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಈಗ ನಮ್ಮ ಊರಿನಲ್ಲಿ ದಿನಾ ನೀರು ಬದಲಿಸುವ ಯಾರು ಬೇಕಾದರೂ ಹಕ್ಕಿಗೆ ಹರಿವಾಣ ಇಡಬಹುದು. ನಮ್ಮ ಬೀದಿಯಲ್ಲಂತೂ ಎಲ್ಲ ಮನೆಯವರೂ ಇಟ್ಟಿದ್ದಾರೆ, ನಕ್ಕವರೂ ಸೇರಿ. ಬೆಳಗಾದರೆ ಸಾಕು, ಕಿವಿ ಕಿವುಡಾಗುವಷ್ಟು ಗಲಾಟೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಕಾಗೆ ನಿಮ್ಮ ಕಣ್ಣೆದುರೇ ಮೀಯುತ್ತಿತ್ತು, ಆದರೆ ಅದರ ಬಗ್ಗೆ ನೀವು ನಮಗೆ ಬಿಟ್ಟುಹೋದದ್ದು ಒಂದು ಬೈಗುಳ ಮಾತ್ರ. ಈ ಬೇಸಿಗೆಯಲ್ಲಿ ಅಗಲವಾದ ಪಾತ್ರೆಯಲ್ಲಿ ನೀರಿಡಿ. ಪಕ್ಕದಲ್ಲಿ ಕೂತು ನೋಡಿ. ಕಂಡದ್ದನ್ನು ಕಂಡ ಹಾಗೆ ಬರೆದಿಡಿ. ನಾವು ಓದುತ್ತೇವೆ.

ಇಂತು,
ಕದರಮ್ಮ,
ನಿವೃತ್ತ ಮುಚ್ಚಳಗಾರ್ತಿ