ಖಾಲಿ ಕುಲುಮೆ

ಶುಕ್ರವಾರ, ಮಧ್ಯಾಹ್ನದ ಊಟದ ಬಿಡುವು

ನಮ್ಮ ಮನೆಯ ಹಣಕಾಸು ಮಂತ್ರಿಗಳಾದ ನನ್ನ ತಮ್ಮನಿಗೆ,

ಅಕ್ಕನ ಆಶೀರ್ವಾದ. ಇವತ್ತು ಅದು ಸ್ವಲ್ಪ ಖಾರವಾಗಿಯೇ ಇದೆ, ಸಹಿಸಿಕೋ. ಫೋನ್ ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ಮಾರುಕಟ್ಟೆಯ ಪಾಠ ಶುರುಮಾಡುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದಾಗದು. ಅದಕ್ಕೇ ಪ್ರಯೋಗಾಲಯದ ಹಾಳೆ ಹರಿದುಕೊಂಡು ಕೂತಿದ್ದೇನೆ.

ಹೊಲಿಗೆ ಅಂಗಡಿ ಮಾರಿ ಬಂದ ಅಮ್ಮನ ಹಣವನ್ನೆಲ್ಲ ಸೋಮವಾರ ನಮ್ಮ ಕಂಪನಿಯ ಹೊಸ ಷೇರಿಗೆ ಹಾಕುತ್ತೀಯಂತೆ. ನಿನ್ನೆ ಅಮ್ಮನೇ ಹೇಳಿದಳು. ದೇಶದೇಶಗಳು ಖನಿಜಕ್ಕೆ ಕಿತ್ತಾಡುವಾಗ ಅದಿರು ಶುದ್ಧೀಕರಿಸುವವರೇ ರಾಜರು ಎಂದು ಅವಳನ್ನು ಒಪ್ಪಿಸಿದ್ದೀಯಂತೆ.

ರಾಜರಂತೆ, ರಾಜರು! ನಾಲ್ಕು ತಿಂಗಳಿಂದ ನಮ್ಮ ಗೋದಾಮಿಗೆ ಒಂದು ಚೀಲ ಅದಿರು ಬಂದಿಲ್ಲ. ಅದಿರು ಇರುವ ದೇಶ ಕಳಿಸುವುದಿಲ್ಲ ಎಂದು ಕೂತಿದೆ. ನಮ್ಮವರು ಅವರ ಸರಕಿಗೆ ಸುಂಕ ಏರಿಸಿ ಮೀಸೆ ತಿರುವುತ್ತಿದ್ದಾರೆ. ಪರೀಕ್ಷಿಸಲು ಮಾದರಿಯೇ ಇಲ್ಲದೆ ನಾನು ತೊಳೆದ ಸೀಸೆಗಳನ್ನೇ ಮತ್ತೆ ತೊಳೆಯುತ್ತಿದ್ದೇನೆ. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ, ಹೇಳು?

ಕಳೆದ ತಿಂಗಳು ನೀನು, ನಿಮ್ಮ ಅದಿರು ಕರಗಿಸುವ ಕುಲುಮೆ ಉರಿಯುತ್ತಿದೆಯಾ ಎಂದು ಕೇಳಿದ್ದೆ. ಉರಿಯುತ್ತಿದೆ ಕಣೋ, ಹಗಲೂ ರಾತ್ರಿ ಎಂದಿದ್ದೆ ನಾನು. ಅದು ಸುಳ್ಳಲ್ಲ. ಆದರೆ ಅದರೊಳಗೆ ಏನೂ ಇಲ್ಲ. ಅದನ್ನು ಆರಿಸುವಂತಿಲ್ಲ, ತಣ್ಣಗಾದರೆ ಒಳಗೋಡೆಯ ಇಟ್ಟಿಗೆ ಬಿರುಕು ಬಿಟ್ಟು ಉದುರುತ್ತದೆ, ಮತ್ತೆ ಕಟ್ಟಲು ವರ್ಷ ಬೇಕು. ಅದಕ್ಕೇ ಖಾಲಿ ಕುಲುಮೆಗೆ ಗ್ಯಾಸ್ ಸುಡುತ್ತಿದ್ದೇವೆ. ನೀನು ಚಿಮಣಿಯ ಹೊಗೆ ನೋಡಿ ವ್ಯಾಪಾರ ಜೋರಾಗಿದೆ ಅಂದುಕೊಂಡೆ. ಪಾತ್ರೆಯನ್ನೇ ಇಡದ ಒಲೆಯ ಮುಂದೆ ತಟ್ಟೆ ಹಿಡಿದು ಕೂತಹಾಗಾಯಿತು.

ಅಮ್ಮ ಮೂವತ್ತು ವರ್ಷ ಯಂತ್ರ ತುಳಿದವಳು. ಮೊನ್ನೆ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಎರಡು ಕಡೆ ಕುಳಿತಳು. ಕೇಳಿದರೆ ಗಾಳಿ ಚೆನ್ನಾಗಿದೆ ಅದಕ್ಕೆ ಅಂದಳು. ಆ ಹಣ ಅವಳ ಮೊಣಕಾಲಿನ ಆಪರೇಷನ್ನಿಗೆ ಕಣೋ. ಲಾಭ ಬಂದಮೇಲೆ ಮಾಡಿಸೋಣ ಅಂತ ನೀನು ಹೇಳಿದೆಯಂತೆ, ಅವಳೂ ತಲೆಯಾಡಿಸಿದಳಂತೆ. ನಿನಗೆ ಅವಳು ಯಾವತ್ತು ಬೇಡ ಅಂದಿದ್ದಾಳೆ? ಆ ಹಣದ ಮೇಲೆ ಕೈ ಹಾಕಬೇಡ. ಚಿಕ್ಕಂದಿನ ಹಾಗೆ ಕಿವಿ ಹಿಂಡಿ ಹೇಳುತ್ತಿದ್ದೇನೆ ಅಂದುಕೋ.

ಸಂಜೆ ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಒಳಗೆ ಕರೆಯಬೇಡ, ಬರುವುದಿಲ್ಲ.

ಇನ್ನೂ ಸಿಟ್ಟು ಇಳಿಯದ
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಅವತ್ತು ನೀನು ಕುಲುಮೆಯ ಬಗ್ಗೆ ಯಾಕೆ ಕೇಳುತ್ತಿದ್ದೀಯ ಎಂದು ನನಗೆ ಗೊತ್ತಿತ್ತು. ಹೊಸ ಷೇರಿಗೆ ಜನ ಹಣ ಹಾಕದಿದ್ದರೆ ಗ್ಯಾಸ್ ನಿಲ್ಲಿಸಿ ನಮ್ಮನ್ನೆಲ್ಲ ಮನೆಗೆ ಕಳಿಸುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದರು. ಯಾರಾದರೂ ಹಾಕಲಿ, ನೀನಾದರೂ ಸರಿ ಅನ್ನಿಸಿತ್ತು. ಹಣ ಅಮ್ಮನದು ಎನ್ನುವುದೊಂದು ಮಾತ್ರ ನಿನ್ನೆಯ ತನಕ ಗೊತ್ತಿರಲಿಲ್ಲ.