ಬ್ಯಾಟರಿ ಫೋನೇ ತಗೊಂಡೆ

ಶಾಂತಲಾ ಅವರೇ,

ಉಪ್ಪಾರಹಳ್ಳಿಯಿಂದ ಭಾನುಪ್ರಕಾಶ್ ಮಾತಾಡ್ತಿದೀನಿ. ಈ ವಾಯ್ಸ್ ನೋಟನ್ನ ಪತ್ರ ಅಂತಲೇ ತಿಳ್ಕೊಳ್ಳಿ, ಸ್ವಲ್ಪ ಉದ್ದ ಆಗುತ್ತೆ.

ಇವತ್ತು ಹೊಸ ಫೋನ್ ತಗೊಳ್ಳೋಕೆ ಹೋಗಿದ್ದೆ. ಗುಬ್ಬಿಯಿಂದ ನಮ್ಮಕ್ಕ ರಂಗಮ್ಮನೂ ಬಂದಿದ್ಲು. ಅಂಗಡಿಯವ್ರು ಎರಡು ಫೋನ್ ತೋರಿಸಿದ್ರು, ರೇಟು ಹೆಚ್ಚುಕಮ್ಮಿ ಒಂದೇ. ಒಂದ್ರಲ್ಲಿ ಕ್ಯಾಮೆರಾ ಸೂಪರ್. ಇನ್ನೊಂದ್ರಲ್ಲಿ ಫೋಟೋ ಸುಮಾರು, ಆದ್ರೆ ಎರಡು ದಿನ ಚಾರ್ಜ್ ನಿಲ್ಲುತ್ತೆ. ಅಕ್ಕ ಕ್ಯಾಮೆರಾ ಚೆನ್ನಾಗಿರೋದನ್ನ ಕೈಯಿಂದ ಬಿಡ್ಲೇ ಇಲ್ಲ.

"ಇದ್ರಲ್ಲಿ ನಲವತ್ತರವ್ನ ಥರ ಕಾಣ್ತೀಯ ಕಣೋ. ಐವತ್ತಕ್ಕೆ ಎರಡನೇ ಮದುವೆ ಅಂದ್ರೆ ಫೋಟೋನಾದ್ರೂ ಚೆನ್ನಾಗಿರ್ಬೇಕು. ಕುಣಿಗಲ್‌ನವ್ರು ತಿಂಗಳಾದ್ರೂ ಬಾಯಿ ಬಿಡ್ಲಿಲ್ಲ, ಬೇರೆ ಕಡೆ ಕಳಿಸ್ಬೇಕಲ್ಲ" ಅಂದ್ಲು.

ನಾನು ಚಾರ್ಜ್ ನಿಲ್ಲೋದನ್ನೇ ತಗೊಂಡೆ. ಕುಣಿಗಲ್‌ಗೆ ಬಂದು ನಿಮ್ಮನ್ನ ನೋಡ್ಕೊಂಡು ಹೋದಾಗಿನಿಂದ, ನಿಮ್ಮ ಜೊತೆ ಮಾತಾಡಿ ಮಾತಾಡಿ ಹಳೇ ಫೋನು ಸಂಜೆಗೆಲ್ಲ ಆಫ್ ಆಗ್ತಿತ್ತು.

ಅಕ್ಕ ಮುನಿಸ್ಕೊಂಡು ಬಸ್ ಹತ್ತಿದ್ಲು. ಗುರುವಾರ ಇನ್ನೊಂದು ಮನೆಗೆ ನನ್ನ ಹಳೇ ಫೋಟೋನೇ ಕಳಿಸ್ತಾಳಂತೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ರಿ, ನಂಗೂ ಅವಸರ ಇರ್ಲಿಲ್ಲ. ಈಗ ಬುಧವಾರದೊಳಗೆ ಒಂದು ಮಾತು ಹೇಳಿಬಿಡಿ. ನೀವು ಹೂಂ ಅಂದ್ರೆ ಕಳಿಸ್ಬೇಡ ಅಂತ ಅಕ್ಕಂಗೆ ಹೇಳ್ತೀನಿ. ಅವಳ ಬೈಗುಳ ನಾನು ಕೇಳ್ಕೋತೀನಿ.

ನಿಮ್ಮ ಉತ್ತರಕ್ಕೆ ಕಾಯ್ತಿರೋ,
ಭಾನುಪ್ರಕಾಶ್