ಕೆಂಪು ಬಳೆಯವರ ಜ್ವರ

ಜೂನ್ ತಿಂಗಳ ನಲವತ್ತೊಂದನೇ ದಿನ, 2163
ಮೇಲ್‌ಬೆಂಗ್ರೆ

ಹಿಂದಿನ ಕಾಲದವರಿಗೆ,

ತಾರೀಕು ತಪ್ಪಾಗಿಲ್ಲ. ನಮ್ಮಲ್ಲಿ ಮಳೆ ಸತತ ಎರಡು ದಿನ ಬಿಡುವ ತನಕ ಜೂನ್ ಮುಗಿಯುವುದಿಲ್ಲ. ಮುಗಿಯಿತೆಂದು ಕಚೇರಿಯವರು ಸಾರಿದ ಮೇಲೆಯೇ ಜುಲೈ. ಈ ಪತ್ರದಲ್ಲಿ ನೀವು ಕೇಳದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಬಂದ ಕಡೆಯಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಜಲಜಾಕ್ಷಿ. ವಯಸ್ಸು ಹತ್ತೊಂಬತ್ತು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಒಂದೇ ಕಡೆ ಕೂರಲು ನನ್ನಿಂದ ಆಗಲಿಲ್ಲ, ಬೇರೆ ಕಾರಣ ಇಲ್ಲ. ಈಗ ಹನಿಗಾರ್ತಿ. ಅಂದರೆ ಜ್ವರಕಟ್ಟೆಯ ಕಿಟಕಿಯಲ್ಲಿ ನಿಂತು, ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಮಲೇರಿಯಾ ಪರೀಕ್ಷೆಯ ಪಟ್ಟಿಗೆ ಬಿಡುವವಳು. ಜ್ವರಕಟ್ಟೆ ಎಂದರೆ ಕೇರಿಗೊಂದರಂತೆ ಇರುವ ಸಣ್ಣ ಕಟ್ಟಡ. ಎರಡು ಗೆರೆ ಮೂಡಿದರೆ ಮಲೇರಿಯಾ, ಒಂದೇ ಮೂಡಿದರೆ ಮನೆಗೆ.

ನಮ್ಮ ಊರು ಕಂಬಗಳ ಮೇಲೆ ನಿಂತಿದೆ. ನಿಮ್ಮ ಕಾಲದ ಕಡಲತೀರದ ಬೆಂಗ್ರೆ ನೀರಿನ ಕೆಳಗಿದೆ. ಅದೇ ನೀರಿನ ಅಂಚಿನ ಹೊಂಡಗಳಲ್ಲಿ ಸೊಳ್ಳೆ ಹುಟ್ಟುತ್ತದೆ. ನಡೆಯಲು ಇಲ್ಲಿ ಜಾಗವೇ ಇಲ್ಲ. ಸಾಮಾನು, ಮುದುಕರು, ಮೀನಿನ ಬುಟ್ಟಿ ಎಲ್ಲವೂ ಯಂತ್ರದ ಹಗ್ಗದಲ್ಲಿ ಮೇಲೆ ಬರುತ್ತವೆ. ತಿನ್ನುವುದು ಅಂಟುಹಿಟ್ಟು. ಮರಗೆಣಸಿನಿಂದ ಮಾಡಿ ಪೊಟ್ಟಣ ಕಟ್ಟಿ ಹಂಚುವ ಈ ಹಿಟ್ಟಿನಿಂದ ರೊಟ್ಟಿ, ಗಂಜಿ, ದೋಸೆ ಎಲ್ಲ ಆಗುತ್ತದೆ. ಮೀನು ವಾರಕ್ಕೆ ಒಮ್ಮೆ ಸಿಕ್ಕರೆ ಹಬ್ಬ. ಹೀಗೆ ತಿಂದು ಹೀಗೆ ಕೂತವರಿಗೆ ಮೂವತ್ತೈದು ದಾಟುವುದರೊಳಗೆ ಸಕ್ಕರೆ ಕಾಯಿಲೆ, ಬೊಜ್ಜು, ಬಿಪಿ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ವಯಸ್ಸು ಎನ್ನುತ್ತಾರೆ.

ಇನ್ನು ಕೆಂಪು ಬಳೆಯ ವಿಷಯ. ಇಲ್ಲೇ ಹುಟ್ಟಿ ಮೂರು ಸಲ ಮಲೇರಿಯಾ ಬಂದು ಎದ್ದವರನ್ನು ನಮ್ಮಲ್ಲಿ ಪಳಗಿದವರು ಎನ್ನುತ್ತಾರೆ. ಜ್ವರಕಟ್ಟೆಯಲ್ಲೇ ಅವರ ಕೈಗೆ ಕೆಂಪು ಬಳೆ ಹಾಕುತ್ತಾರೆ. ಬಳೆ ಗಟ್ಟಿ ಜೀವದ ಗುರುತು, ಹೆಣ್ಣು ನೋಡಲು ಬಂದವರು ಮೊದಲು ಕೈ ನೋಡುತ್ತಾರೆ. ಬಳೆ ಇದ್ದವರು ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಮಕ್ಕಳೂ ಬಸುರಿಯರೂ ಮುಂದೆ. ಎರಡು ಗೆರೆ ಮೂಡಿದರೂ ಬಳೆಯವರನ್ನು ದಾಖಲು ಮಾಡುವಂತಿಲ್ಲ. ಮಾತ್ರೆ ಕೊಟ್ಟು ಕಳಿಸುವುದು, ಅಷ್ಟೇ. ಇದರಲ್ಲಿ ಅರ್ಧ ನಿಜ ಇದೆ. ಹಲವು ಸಲ ಜ್ವರ ಕಂಡ ಮೈ ಸ್ವಲ್ಪ ತಡೆದುಕೊಳ್ಳುತ್ತದೆ. ಆ ಅರ್ಧ ನಿಜಕ್ಕೆ ಬಳೆ ತೊಡಿಸಿ ಪೂರ್ತಿ ನಿಜ ಮಾಡಿದ್ದೇವೆ.

ನನ್ನನ್ನು ಸಾಕಿದವಳು ನನ್ನ ಅಮ್ಮನ ಅಕ್ಕ, ಗುಲಾಬಿ ದೊಡ್ಡಮ್ಮ. ನಲವತ್ತಾರು ವರ್ಷ, ದಪ್ಪ ಮೈ, ದೊಡ್ಡ ಬಾಯಿ. ಹತ್ತು ವರ್ಷದಿಂದ ಶುಗರ್. ಐದು ಸಲ ಮಲೇರಿಯಾ ಬಂದಿತ್ತು, ಒಮ್ಮೆಯೂ ಮೂರು ದಿನಕ್ಕಿಂತ ಹೆಚ್ಚು ಮಲಗಿರಲಿಲ್ಲ. ಜೂನ್ ಹನ್ನೊಂದಕ್ಕೆ ಜ್ವರ ಹೊತ್ತು ನನ್ನ ಕಿಟಕಿಗೆ ಬಂದಳು. ಎರಡು ಗಂಟೆ ಸಾಲಿನಲ್ಲಿ ನಿಂತು, ನಡುವೆ ಬಂದ ತಾಯಂದಿರಿಗೆಲ್ಲ ಜಾಗ ಬಿಟ್ಟುಕೊಟ್ಟಿದ್ದಳು.

"ಬೇಗ ಚುಚ್ಚು ಮಾರಾಯ್ತಿ. ಸೊಳ್ಳೆ ಇಷ್ಟು ಜಂಬ ಮಾಡೂದಿಲ್ಲ," ಎಂದಳು. ನಾನು ಬೆರಳು ಹಿಂಡುವಾಗ ಸಾಲಿಗೆಲ್ಲ ಕೇಳುವ ಹಾಗೆ, "ಮುನ್ನೂರರ ಮೇಲೆ ಶುಗರ್ ಉಂಟು ನಂಗೆ. ಕಚ್ಚಿದ ಸೊಳ್ಳೆಗೆ ಪಾಯಸ ಕುಡಿದ ಹಾಗೆ ಆಗಿರ್ಬೇಕು!"

"ಹಾಗಾದ್ರೆ ಸೊಳ್ಳೆಗೇ ಮಾತ್ರೆ ಕೊಡ್ಬೇಕು ದೊಡ್ಡಮ್ಮ," ಎಂದೆ. ಸಾಲು ನಕ್ಕಿತು. ನಾನೂ ನಕ್ಕೆ.

ಎರಡು ಗೆರೆ ಮೂಡಿತು. ಕಟ್ಟೆಯ ಮೇಲ್ವಿಚಾರಕ ವಲೇರಿಯನ್ ಸರ್ ಒಳಗಿನಿಂದಲೇ ಕೂಗಿದರು: "ಬಳೆ ಉಂಟಲ್ಲ? ಮತ್ತೆಂತ ನೋಡ್ಲಿಕ್ಕೆ? ಮಾತ್ರೆ ಕೊಟ್ಟು ಕಳಿಸು, ಅಲ್ಲಿ ಮಕ್ಕಳು ಅಳ್ತಿದ್ದಾರೆ."

ಕಳಿಸಿದೆ.

ಶುಗರ್ ಅಳೆಯುವ ಪಟ್ಟಿ ನನ್ನಿಂದ ನಾಲ್ಕು ಹೆಜ್ಜೆ ದೂರದ ಕಿಟಕಿಯಲ್ಲಿತ್ತು. ಆದರೆ ಅದು ಬೇರೆ ಇಲಾಖೆ. ಅವರು ತೆರೆಯುವುದು ಗುರುವಾರ ಮಾತ್ರ. ಜ್ವರದವರು ಸಕ್ಕರೆ ಕೇಳುವುದಿಲ್ಲ, ಸಕ್ಕರೆಯವರು ಜ್ವರ ಕೇಳುವುದಿಲ್ಲ. ಚುಚ್ಚಿದ ಬೆರಳು ಒಂದೇ. ಆ ಬೆರಳಲ್ಲಿ ಇನ್ನೊಂದು ಹನಿ ನಿಂತೇ ಇತ್ತು, ನಾನು ಹತ್ತಿಯಲ್ಲಿ ಒರೆಸಿ ಎಸೆದೆ.

ಮರುದಿನದಿಂದ ಮಾತ್ರೆ ನುಂಗಿದ ಹಾಗೆಯೇ ವಾಂತಿ. ನನಗೆ ಹೆದರಿಕೆಯಾಗಲಿಲ್ಲ, ಬಳೆ ಇತ್ತಲ್ಲ. ಮೂರನೇ ದಿನ ಉಸಿರು ಜೋರಾಯಿತು. ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆಯತೊಡಗಿದಳು. ನಾಲ್ಕನೇ ದಿನ ದೋಣಿಯಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಷ್ಟರಲ್ಲಿ ಮೂತ್ರ ನಿಂತಿತ್ತು. ಅಲ್ಲಿನ ಡಾಕ್ಟರ್ ಶಮೀಮಾ ಕೇಳಿದರು: "ನಾಲ್ಕು ದಿನ ಎಂತ ನೋಡ್ತಾ ಇದ್ರಿ?"

"ಬಳೆ ಉಂಟು ಡಾಕ್ಟ್ರೇ."

"ಬಳೆ ರೋಗಕ್ಕೆ ಕಾಣ್ತದಾ?" ಎಂದರು. "ಮೊದಲನೇ ದಿನ ಶುಗರ್ ಎಷ್ಟಿತ್ತು?"

ಅಳೆಯಲಿಲ್ಲ ಎಂದೆ. ಜೂನ್ ಹದಿನಾರಕ್ಕೆ ದೊಡ್ಡಮ್ಮ ಸತ್ತಳು.

ಆಮೇಲೆ ಆ ಡಾಕ್ಟರ್ ನನ್ನನ್ನು ಕೂರಿಸಿ ಹೇಳಿದ ಸಂಗತಿಯಿಂದಲೇ ಈ ಪತ್ರ. ಸಕ್ಕರೆ ಕಾಯಿಲೆ, ಬೊಜ್ಜು ಇರುವ ದೊಡ್ಡವರಿಗೆ ಮಲೇರಿಯಾ ಬಂದರೆ ಅದು ಗಂಭೀರವಾಗುವ ಸಂಭವ ಹೆಚ್ಚು ಎಂದು ನಿಮ್ಮ ಕಾಲದಲ್ಲೇ ಕಂಡುಕೊಂಡಿದ್ದರಂತೆ. ಮಲೇರಿಯಾ ಇರುವ ನಾಡಿನಲ್ಲಿ ಹುಟ್ಟಿ ಬೆಳೆದವರಲ್ಲೂ ಅದು ಕಂಡಿತ್ತಂತೆ. ನಿಮಗೆ ಗೊತ್ತಿತ್ತು. ಬರೆದು, ಅಚ್ಚು ಹಾಕಿ, ಕಪಾಟಿನಲ್ಲಿ ಇಟ್ಟಿರಿ. ಮಲೇರಿಯಾ ಎಂದರೆ ಮಕ್ಕಳ ಸಾವು, ಶುಗರ್ ಎಂದರೆ ಉಂಡವರ ಕಾಯಿಲೆ ಎಂದು ಎರಡು ಕಿಟಕಿ ತೆರೆದಿರಿ. ಆ ಎರಡು ಕಿಟಕಿಗಳನ್ನೇ ನಾವು ಇಂದಿಗೂ ಒರೆಸಿ ಇಟ್ಟುಕೊಂಡಿದ್ದೇವೆ. ನೂರ ನಲವತ್ತು ವರ್ಷ! ಸಮುದ್ರ ಊರಿನ ಮೇಲೆ ಬಂತು, ಆ ಕಿಟಕಿಗಳ ನಡುವಿನ ಗೋಡೆ ಮಾತ್ರ ಬೀಳಲಿಲ್ಲ.

ಇಲ್ಲದ್ದನ್ನು ಹೇಳಲಾರೆ. ಶುಗರ್ ಇದ್ದವರೆಲ್ಲ ಮಲೇರಿಯಾದಿಂದ ಸಾಯುತ್ತಾರೆ ಎಂದು ಡಾಕ್ಟರ್ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮೊದಲ ದಿನವೇ ದಾಖಲು ಮಾಡಿದ್ದರೆ ದೊಡ್ಡಮ್ಮ ಖಂಡಿತ ಬದುಕುತ್ತಿದ್ದಳೇ ಎಂದರೆ ಗೊತ್ತಿಲ್ಲ. ದಾಖಲಾಗಿದ್ದರೆ ವಾಂತಿಯಾದ ಕೂಡಲೇ ಸೂಜಿಯಲ್ಲಿ ಔಷಧ ಕೊಡುತ್ತಿದ್ದರು, ಗಂಟೆಗೊಮ್ಮೆ ಯಾರಾದರೂ ನೋಡುತ್ತಿದ್ದರು. ಅಷ್ಟು ಅವಳಿಗೆ ಸಿಗಬೇಕಿತ್ತು. ಸಿಗದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು.

ಇವತ್ತು ಬೆಳಿಗ್ಗೆ ವಿಚಾರಣೆ ಇತ್ತು. ಪಳಗಿದವರೊಬ್ಬರು ಸತ್ತರೆ ಹನಿಗಾರ್ತಿಯ ಹೇಳಿಕೆ ಬೇಕು. ಹೇಳಿಕೆಯನ್ನು ಕಚೇರಿಯವರೇ ಅಚ್ಚು ಹಾಕಿಸಿ ತಂದಿದ್ದರು: ತನಗೆ ಸಕ್ಕರೆ ಕಾಯಿಲೆ ಇದೆಯೆಂದು ರೋಗಿ ತಿಳಿಸಿರಲಿಲ್ಲ. ನಾನು ಸಹಿ ಹಾಕಿದರೆ ತಪ್ಪು ದೊಡ್ಡಮ್ಮನದು. ನನ್ನ ಕೆಲಸ ಉಳಿಯುತ್ತದೆ, ಬಳೆಯ ನಿಯಮವೂ ಉಳಿಯುತ್ತದೆ.

"ಅವಳು ಹೇಳಿದ್ಲು ಸರ್," ಎಂದೆ.

"ಅದು ತಮಾಷೆಗೆ ಹೇಳಿದ್ದು. ತಮಾಷೆ ತಿಳಿಸಿದ ಲೆಕ್ಕಕ್ಕೆ ಬರೂದಿಲ್ಲ," ಎಂದರು ವಲೇರಿಯನ್ ಸರ್. ಆಮೇಲೆ ದನಿ ತಗ್ಗಿಸಿ, "ಸತ್ತವರಿಗೆ ಎಂತ ನಷ್ಟ ಮಾರಾಯ್ತಿ? ಒಂದು ಸಹಿ. ಹಾಕಿಬಿಡು." ಅವರು ಕೆಟ್ಟವರಲ್ಲ. ಅವರ ಕೈಯಲ್ಲೂ ಬಳೆ ಇದೆ, ಅವರಿಗೂ ಶುಗರ್ ಇದೆ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಅಚ್ಚಾದ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದೆ: ರೋಗಿ ತಿಳಿಸಿದ್ದರು. ಮುನ್ನೂರರ ಮೇಲಿದೆ ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದ್ದರು. ನಾನು ಕೇಳಿ ನಕ್ಕೆ. ರೋಗಿಯ ವಿವರ ಬರೆಯುವ ನಮ್ಮ ಹಾಳೆಯಲ್ಲಿ ಅದನ್ನು ಬರೆಯಲು ಜಾಗ ಇಲ್ಲ. ಇಷ್ಟು ಬರೆದು ಸಹಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಿಟಕಿಯಲ್ಲಿ ಬೇರೆ ಹುಡುಗಿ ನಿಂತಿದ್ದಳು. ನನ್ನ ಹೇಳಿಕೆ ಮೇಲಿನ ಕಚೇರಿಗೆ ಹೋಗುತ್ತದೋ ಒಲೆಗೆ ಹೋಗುತ್ತದೋ ಗೊತ್ತಿಲ್ಲ. ಇಲ್ಲಿ ನಂಬಲು ಯಾರೂ ಉಳಿದಿಲ್ಲ, ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ.

ನಿಮ್ಮಲ್ಲಿ ಮಲೇರಿಯಾ ಇನ್ನೂ ಇದೆ, ಶುಗರ್ ಮನೆಮನೆಗೆ ಬರುತ್ತಿದೆ. ಎರಡೂ ಒಂದೇ ಮೈಯಲ್ಲಿ ಸೇರುವುದನ್ನು ನೋಡಿ ಸುಮ್ಮನಿರಬೇಡಿ. ನಿಮ್ಮ ಅತ್ತೆಗೋ ಮಾವನಿಗೋ ಜ್ವರ ಬಂದಾಗ, ಎಷ್ಟೋ ಜ್ವರ ಕಂಡ ಗಟ್ಟಿ ಜೀವ ಎಂದು ಹೇಳಿ ಮಲಗಿಸಬೇಡಿ. ಪರೀಕ್ಷೆಗೆ ಒಯ್ಯಿರಿ. ಶುಗರ್ ಇದೆ ಎಂದು ಹೇಳಿ, ಅದನ್ನು ಬರೆದುಕೊಂಡರೋ ಎಂದು ಕತ್ತು ಚಾಚಿ ನೋಡಿ. ಬರೆಯಲು ಜಾಗ ಇಲ್ಲವೆಂದರೆ ಅಂಚಿನಲ್ಲಿ ಬರೆಸಿ. ಕಿಟಕಿಯ ಹಿಂದಿನ ಹುಡುಗಿ ಹುಬ್ಬು ಗಂಟಿಕ್ಕಿ, ಹಿಂದೆ ಇನ್ನೂ ನಲವತ್ತು ಜನ ಇದ್ದಾರೆ, ಜಾಗ ಬಿಡಿ ಎಂದು ರೇಗುತ್ತಾಳೆ. ಬಿಡಬೇಡಿ. ಹಾಗೆ ರೇಗುವವಳು ನಾನಾಗಿದ್ದೆ. ಒಬ್ಬರಾದರೂ ಅಲ್ಲಾಡದೆ ನಿಂತಿದ್ದರೆ ನಾನು ಬರೆದುಕೊಳ್ಳುತ್ತಿದ್ದೆ.

ಜಲಜಾಕ್ಷಿ